ಮೂತ್ರದಲ್ಲಿ ರಕ್ತ: ತಾಲ್ಲೂಕು ಆಸ್ಪತ್ರೆಯಲ್ಲೇ ಮಾದರಿ ಪಡೆಯಲಿ

ಮಾನ್ಯರೇ,

ದೇಹದೊಳಗೆ ಯಾವ ಉಪಕರಣವನ್ನೂ ತೂರಿಸದೆ, ಮೂತ್ರದ ಪರೀಕ್ಷೆಯಿಂದಲೇ ಮೂತ್ರಕೋಶದ ಕ್ಯಾನ್ಸರನ್ನು ಗುರುತಿಸುವ ವಿಧಾನಗಳ ಬಗ್ಗೆ ಈಚೆಗೆ ಹೆಚ್ಚು ಓದುತ್ತಿದ್ದೇವೆ. ಪ್ರಯೋಗಾಲಯ ತಂತ್ರಜ್ಞನಾಗಿ ದುಡಿದು ನಿವೃತ್ತನಾದ ನನಗೆ, ಈ ವಿಷಯದಲ್ಲಿ ನಮ್ಮ ಕೊಡಗಿನಲ್ಲಿ ಆಗಬಹುದಾದ ಒಂದು ಸಣ್ಣ ಕೆಲಸವನ್ನು ಆರೋಗ್ಯ ಇಲಾಖೆಯ ಗಮನಕ್ಕೆ ತರಬೇಕೆನಿಸಿದೆ.

ಮೂರು ವರ್ಷಗಳ ಹಿಂದೆ, ಕಾಫಿ ಕೊಯ್ಲಿನ ದಿನಗಳಲ್ಲಿ, ನನ್ನ ಅಣ್ಣನಿಗೆ ಒಮ್ಮೆ ಮೂತ್ರ ಕೆಂಪಾಗಿ ಹೋಯಿತು. ನೋವಿರಲಿಲ್ಲ, ಮರುದಿನವೇ ತಿಳಿಯಾಯಿತು. ಕಣದಲ್ಲಿ ಬಿಸಿಲಿಗೆ ನಿಂತು ಉಷ್ಣವಾಗಿರಬೇಕೆಂದು ಎಳನೀರು, ಜೀರಿಗೆ ನೀರು ಕುಡಿದು ಸುಮ್ಮನಾದರು. ಎರಡನೆಯ ಸಲ ಕಂಡಾಗ ಒಂದು ಕ್ಲಿನಿಕ್‌ನಲ್ಲಿ ಸೋಂಕೆಂದು ಮಾತ್ರೆ ಕೊಟ್ಟರೇ ಹೊರತು ಮೂತ್ರವನ್ನು ಸೂಕ್ಷ್ಮದರ್ಶಕದಡಿ ಯಾರೂ ನೋಡಲಿಲ್ಲ. ಮೈಸೂರಿನಲ್ಲಿ ಸಿಸ್ಟೋಸ್ಕೋಪಿ, ಅಂದರೆ ಮೂತ್ರನಾಳದ ಮೂಲಕ ಕ್ಯಾಮೆರಾ ಇರುವ ನಳಿಕೆ ತೂರಿಸಿ ಮೂತ್ರಕೋಶದೊಳಗೆ ನೋಡುವ ಪರೀಕ್ಷೆ, ಮಾಡಿಸಿ ಗಡ್ಡೆ ಇದೆಯೆಂದು ತಿಳಿಯುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ದಿನವೂ ಮೂತ್ರ ಪರೀಕ್ಷೆಯ ಕೆಲಸವನ್ನೇ ಮಾಡುತ್ತಿದ್ದ ತಮ್ಮನಾದ ನನಗೂ ಅವರು ಮೊದಲು ಹೇಳಿರಲಿಲ್ಲ. ಇಂಥ ವಿಷಯವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿಲ್ಲ.

ನೋವಿಲ್ಲದೆ ಬಂದು ತಾನಾಗಿಯೇ ನಿಂತುಹೋಗುವ ರಕ್ತವೇ ಈ ರೋಗದಲ್ಲಿ ಸಾಮಾನ್ಯವಾಗಿ ಮೊದಲು ಕಾಣುವ ಲಕ್ಷಣ. ಸುಮಾರು ಅರ್ಧದಷ್ಟು ಪ್ರಕರಣಗಳಿಗೆ ಧೂಮಪಾನ ಕಾರಣವಾಗಿದ್ದು, ಗಂಡಸರಲ್ಲಿ ರೋಗ ಮೂರು ನಾಲ್ಕು ಪಟ್ಟು ಹೆಚ್ಚು. ಹೆಂಗಸರಲ್ಲಾದರೋ ರಕ್ತವನ್ನು ಉರಿಮೂತ್ರದ ಸೋಂಕೆಂದೋ ಮುಟ್ಟಿನ ತೊಂದರೆಯೆಂದೋ ತಿಳಿದು ಚಿಕಿತ್ಸೆ ತಡವಾಗುತ್ತದೆ. ಬೀಡಿ ಸೇದುವವರು ಸಾಕಷ್ಟಿರುವ ನಮ್ಮ ತೋಟದ ಲೈನ್‌ಮನೆಗಳಲ್ಲಿ ಇದನ್ನು ತಿಳಿಸಿ ಹೇಳುವವರು ಬೇಕು.

ಮೂತ್ರದಲ್ಲಿ ಉದುರಿ ಬರುವ ಜೀವಕೋಶಗಳನ್ನು ನೋಡಿ ಕ್ಯಾನ್ಸರ್ ಗುರುತಿಸುವ ಸೈಟಾಲಜಿ ಹೊಸದೇನಲ್ಲ. ಗರ್ಭಕಂಠದ ಪ್ಯಾಪ್ ಪರೀಕ್ಷೆಗೆ ಹೆಸರು ಕೊಟ್ಟ ಪಾಪನಿಕೊಲಾವ್ ಅವರೇ 1945ರಲ್ಲಿ ಸಹೋದ್ಯೋಗಿಯೊಡನೆ ಇದರ ಬಗ್ಗೆ ಬರೆದಿದ್ದರು. ವೇಗವಾಗಿ ಬೆಳೆಯುವ, ಅಪಾಯಕಾರಿಯಾದ ಗಡ್ಡೆಗಳನ್ನು ಇದು ಚೆನ್ನಾಗಿ ಹಿಡಿಯುತ್ತದೆ, ಆದರೆ ನಿಧಾನವಾಗಿ ಬೆಳೆಯುವ ಗಡ್ಡೆಗಳ ಜೀವಕೋಶಗಳು ಆರೋಗ್ಯವಂತ ಜೀವಕೋಶಗಳನ್ನೇ ಹೋಲುವುದರಿಂದ ಅವು ಹಲವು ಸಲ ತಪ್ಪಿಹೋಗುತ್ತವೆ. ಆ ಕೊರತೆಯನ್ನು ತುಂಬಲೆಂದೇ ಮೂತ್ರದಲ್ಲಿನ ಪ್ರೋಟೀನು, ಕ್ರೋಮೋಸೋಮಿನ ಏರುಪೇರು, ವಂಶವಾಹಿಯ ಬದಲಾವಣೆಗಳನ್ನು ಹುಡುಕುವ ಪರೀಕ್ಷೆಗಳು ಬಂದಿವೆ. ಆದರೂ ಸಿಸ್ಟೋಸ್ಕೋಪಿಯ ಸ್ಥಾನವನ್ನು ಪೂರ್ತಿಯಾಗಿ ತುಂಬುವಂಥದ್ದು ಯಾವುದೂ ಇಲ್ಲ. ಅಂಥದ್ದು ಇದೆಯೆಂದು ನಂಬಿಸಿ ಮಾರುವವರನ್ನು ಓದುಗರು ನಂಬಬಾರದು.

ನನ್ನ ಕೋರಿಕೆ ಸೈಟಾಲಜಿಯ ಮಟ್ಟಿಗೆ ಮಾತ್ರ. ಅದಕ್ಕೆ ಬೆಳಗಿನ ಮೊದಲ ಮೂತ್ರ ಬೇಡ, ರಾತ್ರಿಯಿಡೀ ನಿಂತ ಮೂತ್ರದಲ್ಲಿ ಜೀವಕೋಶಗಳು ಕೆಟ್ಟಿರುತ್ತವೆ. ಎರಡನೆಯ ಬಾರಿಯದು ಬೇಕು, ಸಾಧ್ಯವಾದರೆ ಮೂರು ಬೇರೆ ಬೇರೆ ದಿನಗಳಲ್ಲಿ. ಸಂರಕ್ಷಕ ಹಾಕದೆ ಹೊರಗಿಟ್ಟ ಮಾದರಿ ಕೆಲವೇ ಗಂಟೆಗಳಲ್ಲಿ ಹಾಳಾಗುತ್ತದೆ, ಅಷ್ಟೇ ಪ್ರಮಾಣದ ಆಲ್ಕೋಹಾಲ್ ಬೆರೆಸಿದರೆ ಪ್ರಯಾಣಕ್ಕೆ ತಡೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕರಿಕೆಯಿಂದಲೋ ಕುಟ್ಟದಿಂದಲೋ ವಯಸ್ಸಾದವರು ಒಂದು ಪರೀಕ್ಷೆಗಾಗಿ ಮೂರು ದಿನ ಮಡಿಕೇರಿಗೆ ಬಂದು ಹೋಗುವುದು ಆಗದ ಮಾತು. ಆದ್ದರಿಂದ ತಾಲ್ಲೂಕು ಆಸ್ಪತ್ರೆಗಳಲ್ಲೂ ಸಮುದಾಯ ಆರೋಗ್ಯ ಕೇಂದ್ರಗಳಲ್ಲೂ ಸಂರಕ್ಷಕ ತುಂಬಿದ ಬಾಟಲಿಗಳನ್ನಿಟ್ಟು, ಅಲ್ಲಿಯೇ ಮಾದರಿ ಪಡೆದು, ಮಡಿಕೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯ ರೋಗಶಾಸ್ತ್ರ ವಿಭಾಗಕ್ಕೆ ಇಲಾಖೆಯ ವಾಹನದಲ್ಲಿ ಕಳುಹಿಸುವ ವ್ಯವಸ್ಥೆಯಾಗಲಿ. ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ರಕ್ತ ಕಂಡವರಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದುವ ನಡುವಯಸ್ಸು ದಾಟಿದವರಿಗೆ, ಮತ್ತು ಗಡ್ಡೆ ತೆಗೆಸಿಕೊಂಡು ಅದು ಮರುಕಳಿಸೀತೆಂದು ತಪಾಸಣೆಯಲ್ಲಿರುವವರಿಗೆ ಸಾಕು. ಅಣ್ಣ ಈಗಲೂ ಕಾಲಕಾಲಕ್ಕೆ ಮೈಸೂರಿಗೆ ಹೋಗಿಬರುತ್ತಿದ್ದಾರೆ. ಆ ಪ್ರಯಾಣ ತಪ್ಪದಿದ್ದರೂ ನಡುವಿನ ತಿಂಗಳುಗಳಲ್ಲಿ ಊರಿನಲ್ಲೇ ಒಂದು ಮಾದರಿ ಕೊಡುವಂತಾದರೆ ಮನೆಯವರ ಆತಂಕ ಎಷ್ಟೋ ಕಡಿಮೆಯಾಗುತ್ತದೆ.

ಇನ್ನೊಂದು ವಿನಂತಿ. ಸೈಟಾಲಜಿ ವರದಿಯಲ್ಲಿ ಕ್ಯಾನ್ಸರ್ ಜೀವಕೋಶ ಕಾಣಲಿಲ್ಲವೆಂದಿದ್ದರೆ ರೋಗಿ ನಿಶ್ಚಿಂತೆಯಿಂದ ಮನೆಗೆ ಹೋಗಿಬಿಡುತ್ತಾನೆ. ಹಾಗಾಗದಂತೆ, ರಕ್ತದ ಕಾರಣ ತಿಳಿಯುವವರೆಗೆ ಮೂತ್ರರೋಗ ತಜ್ಞರನ್ನು ಕಾಣಲೇಬೇಕೆಂಬ ಒಂದು ಸಾಲನ್ನು ಪ್ರತಿ ವರದಿಯ ಕೆಳಗೂ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಮುದ್ರಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ,
ಸೋಮವಾರಪೇಟೆ ತಾಲ್ಲೂಕು, ಕೊಡಗು