1,770 ತಲೆಯ ಲೆಕ್ಕ

ಅರಸೀಕೆರೆ, ಮಂಗಳವಾರ

ಪುಟ್ಟಿ,

ಇವತ್ತು ಅಂಗಡಿ ರಜೆ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನೀನೊಂದು ಹೇಳುತ್ತೀಯ, ನಾನೊಂದು ಹೇಳುತ್ತೇನೆ, ಮಧ್ಯೆ ನಿಮ್ಮಮ್ಮ ಫೋನ್ ಕಿತ್ತುಕೊಳ್ಳುತ್ತಾಳೆ.

ನೀನು ವಾಟ್ಸಾಪಿನಲ್ಲಿ ಕಳಿಸಿದ, ಬ್ಯೂಟಿ ಪಾರ್ಲರ್ ಕೆಲಸ ಕಲಿಸೋ ಅಕಾಡೆಮಿಯ ಕಾಗದ ನೋಡಿದೆ. ಆರು ತಿಂಗಳ ಕೋರ್ಸು, ಫೀಸು 1,50,000. ಕೆಳಗೆ ಸಣ್ಣಕ್ಷರದಲ್ಲಿ 18% ಜಿಎಸ್‌ಟಿ ಬೇರೆ ಅಂತಿದೆ. ಅದು ನಿನ್ನ ಕಣ್ಣಿಗೆ ಬಿದ್ದಿಲ್ಲ ಅನಿಸುತ್ತೆ. ಅಲ್ಲಿಗೆ 1,77,000. ನಮ್ಮ ಅಂಗಡಿಯಲ್ಲಿ ಕಟಿಂಗಿಗೆ 100 ರೂಪಾಯಿ. ಅಂದರೆ 1,770 ತಲೆ. ಅದೂ ಬಾಡಿಗೆ, ಕರೆಂಟು, ಬ್ಲೇಡು ಏನೂ ಕಳೆಯದೆ. ರಾತ್ರಿ ಈ ಲೆಕ್ಕ ಹಾಕಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಿಮ್ಮ ತಾತ ನನಗೆ ಬಿಡಿಗಾಸು ಇಲ್ಲದೆ ಕಲಿಸಿದರು. ಮೊದಲ ವರ್ಷ ಬರೀ ಕೂದಲು ಗುಡಿಸೋದು, ಕತ್ತಿ ಮಸೆಯೋದು. ಆಮೇಲೆ ಒಂದು ದಿನ ಊದಿದ ಬಲೂನಿಗೆ ಸೋಪಿನ ನೊರೆ ಬಳಿದು ಕೈಗೆ ಕೊಟ್ಟರು. ಬಲೂನು ಒಡೆಯದ ಹಾಗೆ ನೊರೆ ಕೆರೆದು ತೆಗೆಯಬೇಕು. ಹನ್ನೊಂದು ಒಡೆದೆ. ಹನ್ನೆರಡನೆಯದು ಉಳಿಯಿತು. ಮಾರನೆ ದಿನ ತಾವೇ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಗಲ್ಲ ಕೊಟ್ಟರು.

ಅದನ್ನೇ ನಾನು ನಿಮ್ಮಣ್ಣನಿಗೆ ಕಲಿಸಲು ಹೋದೆ. ಅವನಿಗೆ ಬೇಡವಾಯಿತು. ಮೂಲೆಯ ಸ್ಟೂಲಿನ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದವಳು ನೀನು. ಗಂಡಸರು ಬರೋ ಅಂಗಡಿ, ಹೆಣ್ಣುಮಗುವಿಗೆ ಇಲ್ಲೇನು ಕೆಲಸ ಅಂತ ಮನೆಗೆ ಕಳಿಸಿದವನು ನಾನೇ. ಈಗ ನೀನು ಕತ್ತರಿ ಹಿಡಿಯೋದನ್ನು ದುಡ್ಡು ಕೊಟ್ಟು ಕಲಿಯಬೇಕಾಗಿದೆ ಅಂದರೆ ಅದರಲ್ಲಿ ನನ್ನ ತಪ್ಪೂ ಇದೆ. ಅಪ್ಪನ ಕಸುಬಿನ ಹೆಸರು ಹಿಡಿದು ಶಾಲೆಯಲ್ಲಿ ಯಾರೋ ರೇಗಿಸಿದರು ಅಂತ ಅತ್ತುಕೊಂಡು ಬಂದಿದ್ದೆಯಲ್ಲ? ಅದೇ ಕಸುಬಿಗೆ ಈಗ ಹೇರ್ ಸ್ಟೈಲಿಂಗ್ ಅಂತ ಹೆಸರು. ಎಲ್ಲ ಜಾತಿಯವರೂ ಲಕ್ಷ ಲಕ್ಷ ಕಟ್ಟಿ ಕಲಿಯುತ್ತಾರೆ. ಒಳ್ಳೆಯದೇ ಆಯಿತು ಬಿಡು.

ಕೋರ್ಸೇ ಬೇಡ ಅಂತ ನಾನು ಹೇಳುತ್ತಿಲ್ಲ. ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಡೈ ಹಚ್ಚುತ್ತಿದ್ದೇನೆ. ಮೊದಲು ಕಿವಿಯ ಹಿಂದೆ ಒಂದು ತೊಟ್ಟು ಹಚ್ಚಿ 48 ಗಂಟೆ ಕಾದು ನೋಡಬೇಕು ಅಂತ ಡಬ್ಬಿಯ ಮೇಲೇ ಬರೆದಿರುತ್ತೆ. ಯಾವತ್ತೂ ಮಾಡಿರಲಿಲ್ಲ. ಒಬ್ಬ ಮೇಷ್ಟ್ರ ಮುಖ ಊದಿಕೊಂಡು ಕಣ್ಣೇ ಕಾಣದ ಹಾಗಾದ ಮೇಲೆ ಬುದ್ಧಿ ಬಂತು. ಚರ್ಮ, ಬಣ್ಣ, ಕೂದಲು ನೇರ ಮಾಡೋ ಕೆಮಿಕಲ್ಲು, ಇವೆಲ್ಲ ತಿಳಿದವರ ಹತ್ತಿರವೇ ಕಲಿಯಬೇಕು. ನನ್ನ ಹತ್ತಿರ ಅಲ್ಲ.

ಆದರೆ ದುಡಿಮೆ ನೋಡು. ಬೆಂಗಳೂರಿನ ಸಲೂನಿನಲ್ಲಿರುವ ನಮ್ಮಕ್ಕನ ಮಗಳನ್ನು ಮೊನ್ನೆ ಕೇಳಿದೆ. ಮೊದಲ ವರ್ಷ ಅವಳ ಕೈಗೆ ಬರುತ್ತಿದ್ದದ್ದು ತಿಂಗಳಿಗೆ 14,000. ಅವಳ ಗಿರಾಕಿಗಳಿಂದ ಸಂಬಳದ ಮೂರು ಪಟ್ಟು ಬಿಲ್ಲು ಆದ ಮೇಲಷ್ಟೇ ಇನ್ಸೆಂಟಿವ್. ಪಿಜಿಗೆ 7,500. ನೀನು ಕಿಟ್ಟು, ಓಡಾಟ ಎಲ್ಲ ಸೇರಿಸಿ 2 ಲಕ್ಷ ಸಾಲ ಎತ್ತಿದೆ ಅಂದುಕೋ. 12% ಬಡ್ಡಿ, ಮೂರು ವರ್ಷ. ತಿಂಗಳ ಕಂತು ಸುಮಾರು 6,640. ಪಿಜಿಯದೂ ಕಂತೂ ಕೂಡಿಸು. 14,140 ಆಯಿತು. ಊಟಕ್ಕೆ?

ಮದುವೆ ಮೇಕಪ್ಪಿನಲ್ಲಿ ಒಂದೇ ದಿನಕ್ಕೆ ಹತ್ತು ಸಾವಿರ ಸಿಗುತ್ತೆ ಅಂತ ನೀನು ಹೇಳಿದ್ದು ಸುಳ್ಳಲ್ಲ. ಆದರೆ ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಮುಹೂರ್ತ ಇರುವ ದಿನ ನಾಲ್ಕು ಕಡೆ ಇರುತ್ತೆ, ನೀನು ಒಬ್ಬಳೇ. ಹುಬ್ಬಿನ ದಾರ ಹಾಗಲ್ಲ. 50 ರೂಪಾಯಿಯದೇ ಇರಬಹುದು, ಆದರೆ ಹುಬ್ಬು ಮತ್ತೆ ಬೆಳೆಯುತ್ತೆ, ಅವರು ಮತ್ತೆ ಬರುತ್ತಾರೆ. ನಮ್ಮ ಮನೆ ನಡೆದಿದ್ದೇ ಮತ್ತೆ ಮತ್ತೆ ಬಂದವರಿಂದ.

ಐಟಿಐನಲ್ಲಿ ಕಾಸ್ಮೆಟಾಲಜಿ, ಅಂದರೆ ಕೂದಲು, ಚರ್ಮದ ಆರೈಕೆ ಕಲಿಸೋ ಒಂದು ವರ್ಷದ ಟ್ರೇಡ್ ಇದೆ. ಎಸ್ಸೆಸ್ಸೆಲ್ಸಿ ಆಗಿದ್ದರೆ ಸಾಕು. ನೀನಿರುವ ಬೆಂಗಳೂರಿನಲ್ಲೇ, ಹೊಸೂರು ರಸ್ತೆಯಲ್ಲಿ, ಹೆಂಗಸರಿಗೇ ಅಂತ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆ ಇದೆ. ಹೋಗಿ ವಿಚಾರಿಸು. ಬಸ್ಸು ಹೇಗೂ ಫ್ರೀ. ವರ್ಷ ಜಾಸ್ತಿ ಅನಿಸಿದರೆ ಉಜಿರೆಯಲ್ಲಿ ರುಡ್‌ಸೆಟ್ ಅಂತ ಸ್ವಉದ್ಯೋಗ ತರಬೇತಿ ಸಂಸ್ಥೆ ಇದೆ. 1982ರಿಂದ ನಡೆಯುತ್ತಿದೆ. ಬ್ಯೂಟಿ ಪಾರ್ಲರ್ ತರಬೇತಿ, ಊಟ, ವಸತಿ ಎಲ್ಲ ಉಚಿತ. ಒಂದು ತಿಂಗಳ ಆಸುಪಾಸಿನದು. ಅಷ್ಟರಲ್ಲಿ ಕೈ ಪಳಗಲ್ಲ, ನಿಜ. ಈ ಕೆಲಸ ನಿನಗೆ ಒಗ್ಗುತ್ತಾ ಅನ್ನೋದಂತೂ ಗೊತ್ತಾಗುತ್ತೆ. ದಿನವಿಡೀ ನಿಂತೇ ಇರಬೇಕು. ನನ್ನ ಕಾಲಿನ ನರ ನೋಡಿದ್ದೀಯಲ್ಲ.

ಅದೇ ಅಕಾಡೆಮಿ ಬೇಕು ಅಂತಲೇ ಇದ್ದರೆ ಕಟ್ಟುವ ಮೊದಲು ಒಂದು ದಿನ ಕ್ಲಾಸಿನಲ್ಲಿ ಕೂತು ನೋಡು. ಪ್ಲಾಸ್ಟಿಕ್ ತಲೆ ಎಷ್ಟು, ಜೀವ ಇರುವ ತಲೆ ಎಷ್ಟು, ಎಣಿಸಿ ಬಾ. ಕೋರ್ಸು ಮುಗಿಸಿದ ಹುಡುಗಿಯರ ನಂಬರು ಕೇಳು. ‘ಕೆಲಸ ಗ್ಯಾರಂಟಿ’ ಅಂದರೆ ಎಷ್ಟು ಸಂಬಳದ್ದು ಅಂತ ಬರೆದುಕೊಡಲು ಹೇಳು.

ಚೀಟಿ ದುಡ್ಡು 80,000 ಬಂದಿದೆ. ಅದು ನಿನ್ನದೇ. ಫೀಸಿಗೆ ಬೇಕಾದರೂ ತಗೋ. ನನ್ನನ್ನು ಕೇಳಿದರೆ, ಮೊದಲು ಕಡಿಮೆ ಖರ್ಚಿನಲ್ಲಿ ಕಲಿ, ಒಂದು ವರ್ಷ ಯಾರದಾದರೂ ಪಾರ್ಲರಿನಲ್ಲಿ ದುಡಿ, ಈ ದುಡ್ಡು ಮುಂದೆ ನಿನ್ನದೇ ಪಾರ್ಲರಿನ ಕುರ್ಚಿಗೆ ಇರಲಿ. ನಮ್ಮ ಪಕ್ಕದ ಮಳಿಗೆ ಟೈಲರ್ ಖಾಲಿ ಮಾಡಿದ್ದಾನೆ. ಕಮ್ಮಿ ಬಿದ್ದರೆ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಇದೆ, ಬ್ಯಾಂಕಿನಲ್ಲಿ ಕೇಳೋಣ.

ಮುಂದಿನ ಸೋಮವಾರ ರಾತ್ರಿ ರೈಲು ಹತ್ತಿ ಬಾ. ಮಂಗಳವಾರ ಬಾಗಿಲು ಹಾಕಿರುತ್ತೆ, ಕುರ್ಚಿ ಖಾಲಿ. ತಾತನ ಕತ್ತರಿಯನ್ನು ಸಾಣೆ ಹಿಡಿಸಿ ಇಟ್ಟಿದ್ದೇನೆ. ನಿಮ್ಮಮ್ಮ ತಲೆ ಕೊಡಲು ಒಪ್ಪಿದ್ದಾಳೆ. ಎರಡು ಇಂಚಿಗಿಂತ ಜಾಸ್ತಿ ಕತ್ತರಿಸಬಾರದಂತೆ.

ಅಪ್ಪ