ಗ್ರಿಡ್ ಹೆಸರು ಹೇಳಿ ನಮ್ಮನ್ನು ವಾಪಸ್ ಕಳಿಸಬೇಡಿ: ಗಲ್ಲಿಯ ಟ್ರಾನ್ಸ್‌ಫಾರ್ಮರ್ ಬಗ್ಗೆ ಆರನೇ ಮನವಿ

ಇವರಿಗೆ,
ಕಾರ್ಯನಿರ್ವಾಹಕ ಎಂಜಿನಿಯರ್,
ವಿದ್ಯುತ್ ವಿತರಣಾ ವಿಭಾಗ ಕಚೇರಿ, ಮುಂಬೈ ಉಪನಗರ

ಇವರಿಂದ: ಸ್ಟೇಷನ್ ಹಿಂದಿನ ಗಲ್ಲಿಯ ಚಾಳ್ ನಿವಾಸಿಗಳು

ವಿಷಯ: ದಿನವೂ ಸಂಜೆ ಒಂದು ಫೇಸ್ ಹೋಗುವುದು, ಟ್ರಾನ್ಸ್‌ಫಾರ್ಮರ್ ಬದಲಾವಣೆ

ಮಾನ್ಯರೇ,

ನಮಸ್ಕಾರ. ಹಿಂದಿನ ಐದು ಅರ್ಜಿಗಳನ್ನು ಮರಾಠಿಯಲ್ಲಿ ಕೊಟ್ಟಿದ್ದೆವು. ಈ ಸಲ ಪ್ರತಿ ಮನೆಯವರೂ ಓದಿ ಸಹಿ ಹಾಕಲಿ ಎಂದು ಕನ್ನಡದಲ್ಲಿ ಬರೆದಿದ್ದೇವೆ. ಮರಾಠಿ ಪ್ರತಿ ಜೊತೆಗಿದೆ.

ನಮ್ಮ ಚಾಳ್‌ಗೆ ಪಾಲಿಕೆಯ ನೀರು ಬರುವುದು ಸಂಜೆ ಆರೂವರೆಗೆ. ಎಂಟಕ್ಕೆ ನಿಲ್ಲುತ್ತದೆ. ಸರಿಯಾಗಿ ನೀರು ಬರುವ ಹೊತ್ತಿಗೇ ಒಂದು ಫೇಸ್, ಅಂದರೆ ಕರೆಂಟ್ ತರುವ ಮೂರು ತಂತಿಗಳಲ್ಲಿ ಒಂದು, ಹೋಗುತ್ತದೆ. ಪಂಪ್ ಓಡುವುದಿಲ್ಲ, ಮೇಲಿನ ಟಾಕಿ ತುಂಬುವುದಿಲ್ಲ. ವಯಸ್ಸಾದ ಹೆಂಗಸರು ಕೊಡ ಹೊತ್ತು ಕತ್ತಲಲ್ಲಿ ಮೂರು ಮಹಡಿ ಹತ್ತುತ್ತಾರೆ. ಒಂದು ಫೇಸ್ ಇಲ್ಲದೆ ಓಡಿ ಪಂಪಿನ ಮೋಟಾರ್ ಎರಡು ಸಲ ಸುಟ್ಟಿತು. ರಿವೈಂಡಿಂಗ್‌ಗೆ ಮನೆಮನೆಯಿಂದ ಹಣ ಎತ್ತಿದೆವು. ಇದು ಮಾರ್ಚ್‌ನಿಂದ ನಡೆದಿದೆ.

ಮೊದಲ ಅರ್ಜಿ ಕೊಟ್ಟಾಗ ಲೈನ್‌ಮನ್ ಬಂದು ಫ್ಯೂಸ್ ಹಾಕಿ ಹೋದರು. ಮರುದಿನ ಸಂಜೆ ಅದು ಮತ್ತೆ ಹೋಯಿತು. ಎರಡನೆಯದಕ್ಕೆ ಉತ್ತರವೇ ಬರಲಿಲ್ಲ. ಮೂರನೆಯದು ಕೊಡಲು ಹೋದವರನ್ನು ಎರಡು ತಾಸು ಕೂರಿಸಿ, ಸಾಹೇಬರು ಸೈಟ್‌ಗೆ ಹೋಗಿದ್ದಾರೆ, ನಾಳೆ ಬನ್ನಿ ಎಂದರು. ಮರುದಿನವೂ ಅದೇ ಮಾತು. ಕೂಲಿ ಬಿಟ್ಟು ಬಂದವರಿಗೆ ಎರಡು ದಿನದ ದುಡಿಮೆ ಹೋಯಿತು, ಅದನ್ನು ಯಾರು ಕೊಡುತ್ತಾರೆ? ನಾಲ್ಕನೆಯದು ಕಳೆದುಹೋಗಿದೆಯಂತೆ. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ನಮ್ಮ ಹತ್ತಿರ ಇದೆ. ಐದನೆಯದರ ಮೇಲೆ ಒಬ್ಬ ಸಿಬ್ಬಂದಿ ಬಂದು ಟ್ರಾನ್ಸ್‌ಫಾರ್ಮರ್ ಫೋಟೋ ತೆಗೆದುಕೊಂಡು ಹೋದರು. ಆ ಫೋಟೋದಿಂದ ಏನಾಯಿತೋ ತಿಳಿಯದು. ಆನ್‌ಲೈನ್ ದೂರುಗಳನ್ನಂತೂ ನಮ್ಮನ್ನು ಕೇಳದೆಯೇ "ಪರಿಹಾರವಾಗಿದೆ" ಎಂದು ಮುಚ್ಚಿದ್ದೀರಿ. ಆಗ ನಾವು ಕತ್ತಲಲ್ಲಿ ಕೂತಿದ್ದೆವು.

ಫೋನ್ ಮಾಡಿದರೆ ಒಂದೇ ಉತ್ತರ: "ವರೂನಚ್ ಗೇಲಿ ಆಹೇ." ಮೇಲಿಂದಲೇ ಹೋಗಿದೆ, ಗ್ರಿಡ್ (ಊರೂರಿಗೆ ಕರೆಂಟ್ ತರುವ ದೊಡ್ಡ ಜಾಲ) ಮೇಲೆ ಲೋಡ್ ಜಾಸ್ತಿ, ಸಂಜೆ ಸೋಲಾರ್ ಇರುವುದಿಲ್ಲ, ಎಸಿ ಎಲ್ಲ ಆನ್ ಆಗುತ್ತವೆ ಎನ್ನುತ್ತಾರೆ. ಸಂಜೆ ಗ್ರಿಡ್‌ಗೆ ಕಷ್ಟದ ಹೊತ್ತು ಎನ್ನುವುದನ್ನು ನಾವು ಒಪ್ಪುತ್ತೇವೆ. ಬೇಡಿಕೆಗೆ ತಕ್ಕಷ್ಟು ಉತ್ಪಾದನೆ ಇಲ್ಲದಿದ್ದರೆ ಗ್ರಿಡ್‌ನ ಫ್ರೀಕ್ವೆನ್ಸಿ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬ ಲೆಕ್ಕ) 50 ಹರ್ಟ್ಜ್‌ನಿಂದ ಕೆಳಗಿಳಿಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಜೋಡಿಸಿದ ಮೇಲೆ ಇಡೀ ದೇಶಕ್ಕೆ ಒಂದೇ ಗ್ರಿಡ್. ಈ ಗಲ್ಲಿಯಲ್ಲಿ ರಾಯಚೂರು ಕಡೆಯವರು ಬಹಳ ಮಂದಿ ಇದ್ದಾರೆ, ಆ ಲೈನ್ ನಮಗೆ ಗೊತ್ತು. ಫ್ರೀಕ್ವೆನ್ಸಿ ಇಳಿದರೆ ಅಲ್ಲಿಗೂ ಇಲ್ಲಿಗೂ ಒಟ್ಟಿಗೇ ಇಳಿಯುತ್ತದೆ, ನಮ್ಮ ಗಲ್ಲಿಗೆ ಮಾತ್ರ ಅಲ್ಲ.

ಗ್ರಿಡ್ ಕೈಕೊಟ್ಟರೆ ಹೇಗಿರುತ್ತದೆ ಎಂದೂ ನೋಡಿದ್ದೇವೆ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಮುಂಬೈಯ ಬಹುಭಾಗದಲ್ಲಿ ಕರೆಂಟ್ ಹೋಗಿತ್ತು, ಲೋಕಲ್ ರೈಲುಗಳು ನಡುದಾರಿಯಲ್ಲೇ ನಿಂತವು. ಇಲ್ಲಿ ಆಗುತ್ತಿರುವುದು ಅದಲ್ಲ. ಲೋಡ್ ಶೆಡ್ಡಿಂಗ್ ಮಾಡುವವರು ಇಡೀ ಫೀಡರ್, ಅಂದರೆ ಒಂದು ಪ್ರದೇಶಕ್ಕೆಲ್ಲ ಕರೆಂಟ್ ಕೊಡುವ ಲೈನನ್ನೇ, ತೆಗೆಯುತ್ತಾರೆ. ಮೂರರಲ್ಲಿ ಒಂದೇ ಫೇಸ್ ಆರಿಸಿ, ಸಾಲಿನಲ್ಲಿ ನಾಲ್ಕು ಖೋಲಿ ಬಿಟ್ಟು ಐದನೆಯದನ್ನು ಕತ್ತಲು ಮಾಡುವುದಿಲ್ಲ. ನಮ್ಮಲ್ಲಿ ಎದುರು ಖೋಲಿಯಲ್ಲಿ ಟಿವಿ ಓಡುತ್ತಿರುತ್ತದೆ, ಇಲ್ಲಿ ಮೇಣದ ಬತ್ತಿ. ಇದು ಗಲ್ಲಿಯ ಟ್ರಾನ್ಸ್‌ಫಾರ್ಮರ್ ತೊಂದರೆ ಅಲ್ವಾ?

ಕಾರಣ ನಿಮಗೂ ಗೊತ್ತು. ಪಕ್ಕದ ಎರಡು ಚಾಳ್ ಒಡೆದು 16 ಮಹಡಿಯ ಕಟ್ಟಡ ಎದ್ದಿದೆ. ಮನೆಗೆ ಎರಡು ಎಸಿ, ಎರಡು ಲಿಫ್ಟ್. ಕನೆಕ್ಷನ್ ಮಂಜೂರು ಮಾಡಿದ್ದು ನಿಮ್ಮ ಕಚೇರಿ. ಟ್ರಾನ್ಸ್‌ಫಾರ್ಮರ್ ಮಾತ್ರ ಹಳೆಯದೇ. ಸಿಂಗಲ್ ಫೇಸ್ ಮನೆಗಳಲ್ಲಿ ಹೆಚ್ಚಿನವನ್ನು ಒಂದೇ ಫೇಸ್ ಮೇಲೆ ಹಾಕಿದ್ದಾರೆ ಎಂದು ನಿಮ್ಮ ಲೈನ್‌ಮನ್ನೇ ಹೇಳಿದರು. ಗ್ರಿಡ್ ನಡೆಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದವರು ಒಂದು ದಿನವನ್ನು 15 ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಬೇಡಿಕೆ ಎಷ್ಟು, ಕರೆಂಟ್ ಎಲ್ಲಿಂದ ಎಂದು ಹಿಂದಿನ ದಿನವೇ ಲೆಕ್ಕ ಹಾಕುತ್ತಾರೆ. ನೀವು ನಮ್ಮ ಗಲ್ಲಿಯ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಹಾಕಿದ್ದೀರಾ?

ಬಂದದ್ದಕ್ಕೆ ಉಳಿದದ್ದನ್ನೂ ಹೇಳುತ್ತೇವೆ. ಕೇಬಲ್‌ಗೆಂದು ಅಗೆದ ಗುಂಡಿ ಮೂರು ತಿಂಗಳಿಂದ ಬಾಯಿ ತೆರೆದಿದೆ, ಒಬ್ಬ ಹುಡುಗ ಬಿದ್ದು ಕೈ ಮುರಿದುಕೊಂಡ. ಫೀಡರ್ ಪಿಲ್ಲರ್ (ಗಲ್ಲಿಗೆ ಕರೆಂಟ್ ಹಂಚುವ ಪೆಟ್ಟಿಗೆ) ಬಾಗಿಲಿಗೆ ಚಿಲಕವಿಲ್ಲ, ತಂತಿಯಲ್ಲಿ ಕಟ್ಟಿದ್ದಾರೆ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ಮಕ್ಕಳು ಅದರ ಪಕ್ಕದಲ್ಲೇ ಸ್ಕೂಲಿಗೆ ಹೋಗುತ್ತಾರೆ. ಯಾರಾದರೂ ಸತ್ತ ಮೇಲೆ ಬರುತ್ತೀರಾ? ಬಿಲ್ ಮಾತ್ರ ತಪ್ಪದೇ ಬರುತ್ತದೆ. ಎರಡು ದಿನ ತಡವಾದರೆ ದಂಡ.

2003ರ ವಿದ್ಯುತ್ ಕಾಯ್ದೆಯ 57ನೇ ಕಲಮಿನ ಪ್ರಕಾರ, ಸೇವೆಯ ಗುಣಮಟ್ಟ ಕಾಯದಿದ್ದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ನಾವು ಅದನ್ನೂ ಕೇಳುತ್ತೇವೆ. ಆದರೆ ಮೊದಲು ಕೆಲಸ ಆಗಲಿ. ಈ ವಾರವೇ ಪಿಲ್ಲರ್‌ಗೆ ಬೀಗ ಹಾಕಿ, ಗುಂಡಿ ಮುಚ್ಚಿ, ಮನೆಗಳನ್ನು ಮೂರೂ ಫೇಸ್‌ಗೆ ಸಮನಾಗಿ ಹಂಚಿ. ಟ್ರಾನ್ಸ್‌ಫಾರ್ಮರ್ ಮೇಲಿನ ಸಂಜೆಯ ಲೋಡ್ ಅಳೆದು, ಆ ಅಂಕಿಯನ್ನು ನಮಗೆ ಬರಹದಲ್ಲಿ ಕೊಡಿ. ದೊಡ್ಡ ಟ್ರಾನ್ಸ್‌ಫಾರ್ಮರ್ ಯಾವ ದಿನ ಬರುತ್ತದೆ ಎಂದೂ ಬರೆದು ಕೊಡಿ. "ನೋಡೋಣ" ಎಂಬ ಉತ್ತರ ಬೇಡ.

ಬರುವ ಬುಧವಾರ ಸಂಜೆ ಆರೂವರೆಗೆ ನಾವೆಲ್ಲ ಟ್ರಾನ್ಸ್‌ಫಾರ್ಮರ್ ಹತ್ತಿರ ಇರುತ್ತೇವೆ. ಮೀಟರ್ ಹಿಡಿದುಕೊಂಡು ನೀವೇ ಬನ್ನಿ. ಬರದಿದ್ದರೆ ಗುರುವಾರ ಬೆಳಿಗ್ಗೆ ಖಾಲಿ ಕೊಡಗಳ ಜೊತೆ ನಿಮ್ಮ ಕಚೇರಿಗೆ ಬರುತ್ತೇವೆ.

ಇಂತಿ,
ಗಲ್ಲಿಯ ಸಮಸ್ತ ನಿವಾಸಿಗಳು
(ಸಹಿಗಳು ಹಿಂದಿನ ಪುಟದಲ್ಲಿ, ಹಿಂದಿನ ಐದು ಅರ್ಜಿಗಳ ನಕಲು ಲಗತ್ತಿಸಿದೆ)