“ಇದು ಎಷ್ಟು ವರ್ಷ ಬಾಳುತ್ತದೆ?”

ಬಸವನಗುಡಿ, ಬೆಂಗಳೂರು

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರ ಫೋನಿನಲ್ಲಿ ಆಡಿಕೊಂಡದ್ದೇ ಆಗಿದೆ. ನಿನ್ನ ಕಾಗದದ ಕೊನೆಯಲ್ಲಿ ಅಂಚಿಗೆ ಒತ್ತಿ ಬರೆದ ಎರಡು ಸಾಲು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಚಿತ್ರಸಂತೆಯಲ್ಲಿ ಯಾರೋ ನೀನು ಈರುಳ್ಳಿ ಸಿಪ್ಪೆ ಅಂಟಿಸಿ ಮಾಡಿದ ಚಿತ್ರ ಕೈಗೆತ್ತಿಕೊಂಡು, “ಇದು ಎಷ್ಟು ವರ್ಷ ಬಾಳುತ್ತದೆ?” ಎಂದರಂತೆ, ನಿನಗೆ ಮಾತೇ ಹೊರಡಲಿಲ್ಲವಂತೆ. “ಉಳಿಯದೇ ಹೋದರೆ ನಾನು ಮಾಡಿದ್ದಾದರೂ ಏನು?” ಎಂದು ಕೇಳಿದ್ದೀಯೆ.

1978ರಲ್ಲಿ, ಮದುವೆಗೆ ಮುಂಚೆ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮೈದಾ ಅಂಟು ಬಳಿದು ನಾನೂ ಈರುಳ್ಳಿ ಸಿಪ್ಪೆಯಲ್ಲಿ ಒಂದು ಚಿತ್ರ ಮಾಡಿದ್ದೆ. ಲಾಲ್‌ಬಾಗಿನ ಬಂಡೆ, ಅದರ ಮೇಲಿನ ಕೆಂಪೇಗೌಡ ಗೋಪುರ. ಬಂಡೆಗೆ ಒಳಪದರದ ನಸುಗೆಂಪು, ಸಂಜೆಯ ಆಕಾಶಕ್ಕೆ ಹೊರಗಿನ ತಾಮ್ರದ ಬಣ್ಣ. ಸಿಪ್ಪೆಯ ಗೀರುಗಳು ಬುಡದಿಂದ ತುದಿಗೆ ಹರಿಯುತ್ತವಲ್ಲ, ಅಡ್ಡಡ್ಡ ಅಂಟಿಸಿದರೆ ಥೇಟು ಮೋಡದ ಎಳೆಗಳೇ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟೆ. ಮೂರನೆಯ ಮಳೆಗಾಲಕ್ಕೆ ತೆಗೆದರೆ, ಅಂಟಿನ ಆಸೆಗೆ ಜಿರಲೆಗಳು ಆಕಾಶವನ್ನೆಲ್ಲ ತಿಂದುಹಾಕಿದ್ದವು.

ಮತ್ತೆ ಮಾಡಲಿಲ್ಲ. ಬೇಡವೆಂದವರು ಯಾರೂ ಇಲ್ಲ ಪುಟ್ಟಿ, ಮನೆಯವರ ಮೇಲೆ ಹೊರಿಸೋಣವೆಂದರೆ ಅಷ್ಟು ನೆವವೂ ಇಲ್ಲ. ಉಳಿಯುವುದಿಲ್ಲವಲ್ಲ ಎಂದು ನಾನೇ ಕೈಬಿಟ್ಟೆ. ಆಮೇಲೆ ನಲವತ್ತು ವರ್ಷ ದಿನಾ ಈರುಳ್ಳಿ ಸುಲಿದಿದ್ದೇನೆ. ಒಂದೊಂದು ಸಿಪ್ಪೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕಸದ ಬುಟ್ಟಿಗೆ ಹಾಕಿದ್ದೇನೆ.

ಹೀಗೆ ಬಿಟ್ಟವಳು ನಿನಗೆ ಏನು ಹೇಳಲಿ? ಪುಸ್ತಕ ಕಟ್ಟುವವರು ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಅಡುಗೆಯ ಪಾತ್ರೆ ಮುಟ್ಟಿಸಬೇಡ. ಸಿಪ್ಪೆ ಕುದಿಸಿದ ನೀರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟುವುದಾದರೆ ಪಟಿಕ ಹಾಕು, ಹೊಂಬಣ್ಣ ಗಟ್ಟಿಯಾಗಿ ಹಿಡಿಯುತ್ತದೆ. ತುಕ್ಕು ಮೊಳೆ ನೆನೆಸಿದ ನೀರು ಸೇರಿದರೆ ಹಸಿರುಗಪ್ಪಿಗೆ ತಿರುಗುತ್ತದೆ. ಬೀಟ್‌ರೂಟಿನ ಕೆಂಪನ್ನು ಮಾತ್ರ ನಂಬಬೇಡ, ಬೆಳಕಿಗೆ ಬೇಗ ಹಾರಿಹೋಗುತ್ತದೆ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು.

ಇಷ್ಟು ಮಾಡಿದರೂ ಉಳಿದೇ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಮುಂದಿನ ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಮತ್ತೆ ಯಾರಾದರೂ ಕೇಳಿದರೆ, ಬಣ್ಣ ಮಾಸುತ್ತದೆ, ಬಿಸಿಲು ಬೀಳದ ಗೋಡೆಗೆ ಹಾಕಿಕೊಳ್ಳಿ ಎಂದು ಇದ್ದದ್ದನ್ನು ಇದ್ದಂತೆ ಹೇಳು. ಕೊಳ್ಳದಿದ್ದರೆ ಬಿಡಲಿ. ಆ ಒಂದು ಮಾತಿಗೆ ನಿನ್ನ ಕೈ ನಿಂತುಹೋದೀತೇ ಎಂದೇ ನನಗೆ ದಿಗಿಲು. ನನ್ನ ಕೈ ಜಿರಲೆಗೆ ನಿಂತಿತು ನೋಡು.

ಗಾಂಧಿಬಜಾರಿನ ಈರುಳ್ಳಿಯವನಿಗೆ ಹೇಳಿ ಬೆಂಗಳೂರು ರೋಸ್ ಈರುಳ್ಳಿಯ ಸಿಪ್ಪೆ ಒಂದು ಚೀಲ ತೆಗೆದಿರಿಸಿದ್ದೇನೆ. ಚಿಕ್ಕಬಳ್ಳಾಪುರದ ಕಡೆ ಬೆಳೆಯುತ್ತಾರಲ್ಲ, 2015ರಲ್ಲಿ ಜಿಐ, ಅಂದರೆ ಈ ಸೀಮೆಯದೇ ಬೆಳೆ ಎನ್ನುವ ಸರ್ಕಾರಿ ಮಾನ್ಯತೆ ಸಿಕ್ಕಿದ್ದು, ಅದೇ; ಒಳ್ಳೆಯ ಕಡುಗೆಂಪು. ಬೂಷ್ಟು ಹಿಡಿಯದಿರಲೆಂದು ಬಟ್ಟೆಯ ಚೀಲದಲ್ಲೇ ಇಟ್ಟಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗು. ಆಕಾಶವಿಲ್ಲದ ಆ ಬಂಡೆ ಇನ್ನೂ ಪೆಟ್ಟಿಗೆಯಲ್ಲೇ ಇದೆ, ತೋರಿಸುತ್ತೇನೆ. ನಿನ್ನ ಅಮ್ಮನಿಗೂ ಅದನ್ನು ತೋರಿಸಿಲ್ಲ.

ಇತಿ ನಿನ್ನ
ದೊಡ್ಡಮ್ಮ